ಗಬ್ಬದ ಹಂದಿಗೆ ಚಿಟಿಕೆ ಖನಿಜ, ಮರಿಗೆ ಕಬ್ಬಿಣದ ಸೂಜಿ: ಲೆಕ್ಕ ತಪ್ಪದ ಹಾಗೆ ಕೊಡುವುದು ಹೇಗೆ

ಹತ್ತು ದಿನದ ಹಂದಿಮರಿಯೊಂದನ್ನು ಎತ್ತಿಕೊಂಡು ಶೆಡ್ಡಿನ ಬಾಗಿಲಿಗೆ ಬನ್ನಿ. ಕಿವಿಯನ್ನು ಬಿಸಿಲಿಗೆ ಅಡ್ಡ ಹಿಡಿಯಿರಿ. ರಕ್ತನಾಳ ಎಳೆ ಎಳೆಯಾಗಿ ಕಂಡು ಕಿವಿ ನಸುಗೆಂಪಾಗಿದ್ದರೆ ಚಿಂತೆಯಿಲ್ಲ. ಮೇಣದ ಹಾಗೆ ಬಿಳುಚಿದ್ದರೆ ಮರಿಗೆ ರಕ್ತ ಸಾಲುತ್ತಿಲ್ಲ. ಇನ್ನೆರಡು ದಿನ ಬಿಟ್ಟರೆ ಅದೇ ಮರಿ ನಾಲ್ಕು ಹೆಜ್ಜೆ ಓಡಿ ನಿಂತು ಪಕ್ಕೆ ಎತ್ತಿಹಾಕುತ್ತದೆ, ಕೂದಲು ನಿಮಿರುತ್ತದೆ, ಭೇದಿ ಶುರುವಾಗುತ್ತದೆ. ಹಿಂಡಿನಲ್ಲಿ ಎಲ್ಲಕ್ಕಿಂತ ದಪ್ಪಗೆ, ಚೆನ್ನಾಗಿ ಬೆಳೆಯುತ್ತಿದ್ದ ಮರಿಯಲ್ಲೇ ಇದು ಮೊದಲು ಕಾಣುತ್ತದೆ. ಮೈ ಬೆಳೆದಷ್ಟೂ ರಕ್ತ ಬೇಕು, ರಕ್ತಕ್ಕೆ ಕಬ್ಬಿಣ ಬೇಕು.

ಇದನ್ನು ಕಂಡ ಕೂಡಲೇ ತಾಯಿಗೆ ಟಾನಿಕ್ ಕುಡಿಸುವವರೇ ಹೆಚ್ಚು. ಅದರಿಂದ ಉಪಯೋಗವಿಲ್ಲ. ತಾಯಿಗೆ ಎಷ್ಟು ಕಬ್ಬಿಣ ತಿನ್ನಿಸಿದರೂ ಮಾಸು ದಾಟಿ ಮರಿಗೆ ಸೇರುವುದು ಸ್ವಲ್ಪ, ಹಾಲಿಗೆ ಇಳಿಯುವುದು ಇನ್ನೂ ಸ್ವಲ್ಪ. ಅಯೋಡಿನ್, ಸೆಲೆನಿಯಂ, ಜಿಂಕ್, ತಾಮ್ರ, ಮ್ಯಾಂಗನೀಸ್ ಕಥೆ ಇದಕ್ಕೆ ಉಲ್ಟಾ. ಅವನ್ನು ತಾಯಿಯ ತೊಟ್ಟಿಯ ಮೂಲಕವೇ ಮರಿಗೆ ಕಳಿಸಬೇಕು, ಅದೂ ಗಬ್ಬದಲ್ಲಿರುವಾಗಲೇ. ಹೀಗೆ ಕಬ್ಬಿಣ ನೇರ ಮರಿಗೆ, ಉಳಿದದ್ದೆಲ್ಲ ತಾಯಿಗೆ ಎಂದು ತಲೆಯಲ್ಲಿಟ್ಟುಕೊಂಡರೆ ಮುಂದಿನದು ತೂಕದ ಲೆಕ್ಕ.

ಮೊದಲು ತೊಟ್ಟಿಯಲ್ಲಿ ಏನಿದೆ ನೋಡಿ

ಹಾಸನ, ಚಿಕ್ಕಮಗಳೂರು ಪಟ್ಟಣಗಳ ಅಂಚಿನ ಶೆಡ್ಡುಗಳಲ್ಲಿ ಹೋಟೆಲ್ ಮತ್ತು ಕಲ್ಯಾಣಮಂಟಪದ ಮುಸುರೆಯೇ ಮುಖ್ಯ ಆಹಾರ. ಅರಸೀಕೆರೆ, ಚನ್ನರಾಯಪಟ್ಟಣ, ಕಡೂರು ಕಡೆ ಮುಸುಕಿನ ಜೋಳ, ರಾಗಿ. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಅಕ್ಕಿ ತೌಡು, ಮರಗೆಣಸು, ಹಲಸು. ಹಾಸನದ ಆಲೂಗಡ್ಡೆ ಕಿತ್ತ ಮೇಲೆ ಉಳಿದ ಗೋಲಿಗಡ್ಡೆ ಎಲ್ಲ ಕಡೆಗೂ ಹೋಗುತ್ತದೆ.

ಹೊಟ್ಟೆ ತುಂಬಿಸುವುದಕ್ಕೆ ಇವೆಲ್ಲ ಸರಿ. ಖನಿಜದ ಕಣ್ಣಲ್ಲಿ ನೋಡಿದರೆ ಒಂದೊಂದಕ್ಕೂ ಒಂದೊಂದು ಕೊಂಕು. ಮುಸುರೆಯಲ್ಲಿ ನೀರು ಜಾಸ್ತಿ, ಉಪ್ಪೂ ಜಾಸ್ತಿ, ಜಿಂಕ್ ಎಷ್ಟಿದೆ ಎಂದು ಯಾರೂ ಹೇಳಲಾರರು, ಇವತ್ತಿನದು ನಾಳೆ ಇರುವುದಿಲ್ಲ. (ಕುದಿಸದೆ ಹಾಕಬೇಡಿ. ಹಂದಿಜ್ವರಗಳು ಬರುವ ದೊಡ್ಡ ದಾರಿ ಅದೇ.) ತೌಡಿನಲ್ಲಿ ಖನಿಜ ಹೇರಳ, ಆದರೆ ಫೈಟೇಟ್ ಎಂಬ ವಸ್ತು ಅದನ್ನು ಗಂಟು ಕಟ್ಟಿ ಇಟ್ಟಿರುತ್ತದೆ. ಹಂದಿಯ ಹೊಟ್ಟೆಗೆ ಆ ಗಂಟು ಬಿಚ್ಚಲು ಬರುವುದಿಲ್ಲ. ಜಿಂಕ್ ಸಿಕ್ಕಿಬೀಳುವುದು ಅಲ್ಲೇ. ಕಾಫಿ ಹಣ್ಣಿನ ಸಿಪ್ಪೆಯಲ್ಲಿ ಟ್ಯಾನಿನ್ ಇದೆ, ಕೆಫೀನ್ ಇದೆ. ಗಬ್ಬದ ಹಂದಿಗೆ ಅದು ಬೇಡವೇ ಬೇಡ. ಎಲೆಕೋಸಿನ ಹೊರ ಎಲೆ, ಸಾಸಿವೆ ಹಿಂಡಿ, ಮರಗೆಣಸಿನ ಸೊಪ್ಪು ಇವು ಅಯೋಡಿನ್ ಕೆಲಸಕ್ಕೆ ಅಡ್ಡ ಬರುತ್ತವೆ. ಆಲೂಗಡ್ಡೆಯನ್ನು ಬೇಯಿಸಿ ಹಾಕಿ, ಹಸಿರು ತಿರುಗಿದ್ದನ್ನು ತಿಪ್ಪೆಗೆ ಎಸೆಯಿರಿ.

ಎಷ್ಟು ಬೇಕು

ಗಬ್ಬದ ಹಂದಿಯ 1 ಕೆ.ಜಿ. ಒಣ ಮೇವಿನಲ್ಲಿ ಇರಬೇಕಾದದ್ದು: ಜಿಂಕ್ 100 ಮಿ.ಗ್ರಾಂ., ಕಬ್ಬಿಣ 80, ಮ್ಯಾಂಗನೀಸ್ 25, ತಾಮ್ರ 10, ಸೆಲೆನಿಯಂ 0.15, ಅಯೋಡಿನ್ 0.14 ಮಿ.ಗ್ರಾಂ. ಹಾಲೂಡುವ ಹಂದಿಗೆ ತಾಮ್ರ 20 ಆಗಬೇಕು, ಉಳಿದದ್ದು ಹಾಗೇ. ಕಾಳು, ಹಿಂಡಿಯಲ್ಲಿ ಈಗಾಗಲೇ ಇರುವುದನ್ನು ಲೆಕ್ಕಕ್ಕೆ ಹಿಡಿಯದೆ ಇಷ್ಟನ್ನೂ ಹೊರಗಿನಿಂದ ಸೇರಿಸುವುದು ರೂಢಿ. ಜಿಂಕ್, ಮ್ಯಾಂಗನೀಸ್‌ಗಳ ಮಟ್ಟಿಗೆ ಅದರಿಂದ ತೊಂದರೆಯಿಲ್ಲ. ಸೆಲೆನಿಯಂ ಮಾತ್ರ ಕೈ ಜಾರಬಾರದ ವಸ್ತು. 1 ಕೆ.ಜಿ. ಮೇವಿಗೆ 0.3 ಮಿ.ಗ್ರಾಂ. ಮೀರಿ ಸೇರಿಸಬಾರದು. 5 ಮಿ.ಗ್ರಾಂ. ದಾಟಿದರೆ ಗೊರಸು ಬಿರಿದು, ಕೂದಲು ಉದುರಿ, ಹಂದಿ ಕಾಲು ಎಳೆಯುತ್ತದೆ.

ಈಗ ಅಂಗಡಿಯ ಚೀಲದ ಲೇಬಲ್ ಓದೋಣ. ನಮ್ಮ ಕಡೆ ಹಂದಿಗೂ ದನದ ಲವಣ ಮಿಶ್ರಣವನ್ನೇ ಹಾಕುವುದು ಸಾಮಾನ್ಯ. ಅದರ ಲೇಬಲ್ ಹೆಚ್ಚುಕಡಿಮೆ ಹೀಗಿರುತ್ತದೆ: ಕ್ಯಾಲ್ಸಿಯಂ 20%, ರಂಜಕ 12%, ಕಬ್ಬಿಣ 0.4%, ಜಿಂಕ್ 0.8%, ಮ್ಯಾಂಗನೀಸ್ 0.12%, ತಾಮ್ರ 0.1%, ಅಯೋಡಿನ್ 0.026%. ಶೇಕಡಾವನ್ನು 10ರಿಂದ ಗುಣಿಸಿದರೆ 1 ಗ್ರಾಂ ಪುಡಿಯಲ್ಲಿ ಎಷ್ಟು ಮಿ.ಗ್ರಾಂ. ಎಂದು ಸಿಗುತ್ತದೆ. ಜಿಂಕ್ 8, ಕಬ್ಬಿಣ 4, ಮ್ಯಾಂಗನೀಸ್ 1.2, ತಾಮ್ರ 1. ಮೇವಿಗೆ 1% ಹಾಕಿದರೆ, ಅಂದರೆ ಕೆ.ಜಿ.ಗೆ 10 ಗ್ರಾಂ, ಜಿಂಕ್ 80, ಕಬ್ಬಿಣ 40, ಮ್ಯಾಂಗನೀಸ್ 12. ಸಾಲದು. 2% ಹಾಕಿದರೆ ಜಿಂಕ್ 160, ಕಬ್ಬಿಣ 80, ಮ್ಯಾಂಗನೀಸ್ 24, ತಾಮ್ರ 20. ಬಂತು. ಆದರೆ ಜೊತೆಗೆ 0.4% ಕ್ಯಾಲ್ಸಿಯಂ ಕೂಡ ಬಂತು, ಅದನ್ನು ಸುಣ್ಣದಕಲ್ಲಿನ ಪುಡಿಯಲ್ಲಿ ಕಳೆಯಬೇಕು. ಸೆಲೆನಿಯಂ? ಲೇಬಲ್‌ನಲ್ಲಿ ಆ ಹೆಸರೇ ಇಲ್ಲ. ದನದ ಮಿಶ್ರಣ ಹಂದಿಗೆ ಕೆಟ್ಟದ್ದೇನಲ್ಲ, ಅರ್ಧ ಕೆಲಸದ್ದು.

ಹಂದಿಗೆಂದೇ ಬರುವ ಕಿರುಖನಿಜ ಪ್ರೀಮಿಕ್ಸ್ (ಮೇವಿಗೆ ಬೆರೆಸಲು ಮೊದಲೇ ಕಲಸಿಟ್ಟ ಪುಡಿ) ಸಿಕ್ಕರೆ ಅದೇ ವಾಸಿ. ಅಲ್ಲೂ ಲೇಬಲ್ ಓದಲೇಬೇಕು. 1 ಕೆ.ಜಿ. ಪ್ರೀಮಿಕ್ಸ್‌ನಲ್ಲಿ ಜಿಂಕ್ 50 ಗ್ರಾಂ, ಸೆಲೆನಿಯಂ 100 ಮಿ.ಗ್ರಾಂ. ಇದ್ದು, ಟನ್ನಿಗೆ 2 ಕೆ.ಜಿ. ಹಾಕಿ ಎಂದು ಬರೆದಿದ್ದರೆ ಮೇವಿನ ಕೆ.ಜಿ.ಗೆ ಜಿಂಕ್ 100, ಸೆಲೆನಿಯಂ 0.2 ಮಿ.ಗ್ರಾಂ. ಬೀಳುತ್ತದೆ. ಸರಿಯಾಗಿದೆ. ಯಾವ ರೂಪದಲ್ಲಿದೆ ಎಂಬುದನ್ನೂ ನೋಡಿ. ಸಲ್ಫೇಟ್ ಚೆನ್ನಾಗಿ ಮೈಗೆ ಹತ್ತುತ್ತದೆ. ಕಬ್ಬಿಣದ ಆಕ್ಸೈಡ್ ಪುಡಿಗೆ ಕೆಂಪು ಬಣ್ಣ ಕೊಡುತ್ತದೆ, ಅಷ್ಟೇ. ತಾಮ್ರದ ಆಕ್ಸೈಡೂ ಹೆಚ್ಚಿನ ಮಟ್ಟಿಗೆ ಸಗಣಿಗೇ ಹೋಗುತ್ತದೆ. ಚಿಲೇಟೆಡ್ (ಸಾವಯವ ವಸ್ತುವಿಗೆ ಬೆಸೆದ ಖನಿಜ) ಎಂದು ಬರೆದದ್ದು ಒಳ್ಳೆಯದೇ, ದುಡ್ಡು ಜಾಸ್ತಿ. ದುಡ್ಡು ಕೊಡುವುದೇ ಆದರೆ ಮೊದಲು ಸೆಲೆನಿಯಂ ಯೀಸ್ಟ್‌ಗೆ ಕೊಡಿ. ಮಾಸು ದಾಟಿ ಮರಿಗೆ, ಆಮೇಲೆ ಹಾಲಿಗೆ ಅದು ಸಾಮಾನ್ಯ ಸೆಲೆನಿಯಂ ಲವಣವಾದ ಸೋಡಿಯಂ ಸೆಲೆನೈಟ್‌ಗಿಂತ ಚೆನ್ನಾಗಿ ಇಳಿಯುತ್ತದೆ.

100 ಕೆ.ಜಿ. ಮೇವು, ಕೈಯಲ್ಲೇ ಕಲಸುವುದಾದರೆ

ಮುಸುಕಿನ ಜೋಳದ ನುಚ್ಚು 55 ಕೆ.ಜಿ., ಅಕ್ಕಿ ತೌಡು 30, ಸೋಯಾ ಹಿಂಡಿ 12, ಡೈಕ್ಯಾಲ್ಸಿಯಂ ಫಾಸ್ಫೇಟ್ (ಅಂಗಡಿಯಲ್ಲಿ ಡಿಸಿಪಿ) 1 ಕೆ.ಜಿ., ಸುಣ್ಣದಕಲ್ಲಿನ ಪುಡಿ 1.2 ಕೆ.ಜಿ., ಉಪ್ಪು 500 ಗ್ರಾಂ, ಮೇಲೆ ಲೇಬಲ್‌ನಂತೆ ಖನಿಜ ಮತ್ತು ವಿಟಮಿನ್ ಪ್ರೀಮಿಕ್ಸ್. ಪ್ರೋಟೀನ್ ಸುಮಾರು 14%, ಕ್ಯಾಲ್ಸಿಯಂ ಮುಕ್ಕಾಲು ಶೇಕಡಾ. ದನದ ಮಿಶ್ರಣವನ್ನು 2 ಕೆ.ಜಿ. ಹಾಕುವವರು ಡಿಸಿಪಿಯನ್ನು ಪೂರ್ತಿ ಬಿಟ್ಟು, ಸುಣ್ಣದಕಲ್ಲಿನ ಪುಡಿಯನ್ನು 700 ಗ್ರಾಂಗೆ ಇಳಿಸಿಕೊಳ್ಳಿ. ಸೆಲೆನಿಯಂ, ವಿಟಮಿನ್ ಇ ಬೇರೆ ದಾರಿಯಿಂದ ಬರಬೇಕು.

ಪ್ರೀಮಿಕ್ಸ್ ಸಿಗದೆ ಬಿಡಿ ಲವಣ ತಂದು ತೂಗುವವರಿಗೆ, ಇದೇ 100 ಕೆ.ಜಿ.ಗೆ: ಏಳು ನೀರಿನ (ಲೇಬಲ್‌ನಲ್ಲಿ ಹೆಪ್ಟಾಹೈಡ್ರೇಟ್) ಫೆರಸ್ ಸಲ್ಫೇಟ್ (20% ಕಬ್ಬಿಣ) 40 ಗ್ರಾಂ, ಒಂದು ನೀರಿನ (ಮಾನೋಹೈಡ್ರೇಟ್) ಜಿಂಕ್ ಸಲ್ಫೇಟ್ (36%) 28 ಗ್ರಾಂ, ಏಳು ನೀರಿನದ್ದಾದರೆ 44 ಗ್ರಾಂ, ಮ್ಯಾಂಗನೀಸ್ ಸಲ್ಫೇಟ್ (32%) 8 ಗ್ರಾಂ, ತಾಮ್ರದ ಸಲ್ಫೇಟ್ (25%) 4 ಗ್ರಾಂ. ಸೆಲೆನಿಯಂ ಮತ್ತು ಅಯೋಡಿನ್ ಲವಣಗಳನ್ನು ಮಾತ್ರ ಬಿಡಿಯಾಗಿ ತರಬೇಡಿ. 100 ಕೆ.ಜಿ. ಮೇವಿಗೆ ಸೋಡಿಯಂ ಸೆಲೆನೈಟ್ ಬೇಕಾಗುವುದು 33 ಮಿ.ಗ್ರಾಂ., ಒಂದೆರಡು ಅಕ್ಕಿಕಾಳಿನ ತೂಕ. ಮನೆಯ ತಕ್ಕಡಿಗೆ ಅದು ಸಿಗುವುದಿಲ್ಲ, ತಪ್ಪಿದರೆ ವಿಷ.

ತೋಟದ ಗೋದಾಮಿನಲ್ಲಿ ಕಾಫಿಗೆ ಸಿಂಪಡಿಸಲು ತಂದ ಜಿಂಕ್ ಸಲ್ಫೇಟ್ ಇರುತ್ತದೆ, ಬೋರ್ಡೋಗೆ (ಕೊಳೆರೋಗಕ್ಕೆ ಹೊಡೆಯುವ ತುತ್ತ-ಸುಣ್ಣದ ದ್ರಾವಣ) ತಂದ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಇರುತ್ತದೆ. ಹೆಸರು ಒಂದೇ ಅಲ್ಲವೇ ಎಂದು ಅದನ್ನೇ ಚಿಟಿಕೆ ಹಾಕುವುದುಂಟು. ಗೊಬ್ಬರದ ದರ್ಜೆಯ ಪುಡಿಯಲ್ಲಿ ಸೀಸ, ಕ್ಯಾಡ್ಮಿಯಂ ಇದ್ದರೂ ಗಿಡಕ್ಕೆ ನಡೆಯುತ್ತದೆ, ಹಂದಿಗೆ ನಡೆಯುವುದಿಲ್ಲ. ಫೀಡ್ ದರ್ಜೆಯದ್ದೇ ಕೇಳಿ ತನ್ನಿ.

ಕಲಸುವ ಕ್ರಮ ಹೀಗೆ. ಪ್ರೀಮಿಕ್ಸ್ ತೂಗಿ 1 ಕೆ.ಜಿ. ಜೋಳದ ಹಿಟ್ಟಿನಲ್ಲಿ ಹಾಕಿ, ಬಣ್ಣದ ಗೆರೆ ಕಾಣದಷ್ಟು ಕೈಯಾಡಿಸಿ. ಅದನ್ನು 5 ಕೆ.ಜಿ. ತೌಡಿಗೆ, ಅದನ್ನು 20 ಕೆ.ಜಿ.ಗೆ, ಕೊನೆಗೆ ಎಲ್ಲಕ್ಕೆ. ನೂರು ಕೆ.ಜಿ. ರಾಶಿಯ ಮೇಲೆ ನೇರ ಎರಚಿ ಸಲಿಕೆಯಲ್ಲಿ ನಾಲ್ಕು ಸಲ ಮಗುಚಿದರೆ ಒಂದು ಹಂದಿಗೆ ಎಲ್ಲ ಹೋಗಿ ಇನ್ನೊಂದಕ್ಕೆ ಏನೂ ಇರುವುದಿಲ್ಲ. ಗೊಬ್ಬರ ಹೊತ್ತ ಸಲಿಕೆ ಬೇಡ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಸಲ್ಫೇಟ್ ಲವಣ ಗಾಳಿಯಲ್ಲಿರುವ ನೀರನ್ನೇ ಕುಡಿದು ಹೆಂಟೆಯಾಗುತ್ತದೆ. ಒದ್ದೆಯಾದ ಕಬ್ಬಿಣ, ತಾಮ್ರದ ಜೊತೆ ವಿಟಮಿನ್ ಇದ್ದರೆ ಅದು ಬೇಗ ಹಾಳು, ಅಯೋಡಿನ್ ಹಾರಿ ಹೋಗುತ್ತದೆ. ಚಿಕ್ಕ ಪೊಟ್ಟಣ ತನ್ನಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ, ಕಲಸಿದ ಮೇವನ್ನು ಹದಿನೈದು ದಿನಕ್ಕಿಂತ ಹೆಚ್ಚು ಇಡಬೇಡಿ, ಚೀಲದ ಕೆಳಗೆ ಹಲಗೆ ಹಾಕಿ.

ಮುಸುರೆ ಹಾಕುವವರಿಗೆ ಶೇಕಡಾ ಲೆಕ್ಕ ಕೆಲಸಕ್ಕೆ ಬಾರದು. ಅರ್ಧ ಮೇವು ಅರ್ಧ ಮುಸುರೆ ಕೊಟ್ಟರೆ ಖನಿಜವೂ ಅರ್ಧವೇ ಆಗುತ್ತದೆ. ಅವರು ತಲೆಗೆ ಇಷ್ಟು ಎಂದು ದಿನದ ಲೆಕ್ಕ ಹಿಡಿಯಬೇಕು. ಟನ್ನಿಗೆ 2 ಕೆ.ಜಿ. ಹಾಕುವ ಪ್ರೀಮಿಕ್ಸ್ ಎಂದರೆ ಕೆ.ಜಿ. ಮೇವಿಗೆ 2 ಗ್ರಾಂ. ಗಬ್ಬದ ಹಂದಿ ದಿನಕ್ಕೆ ಸುಮಾರು 2.2 ಕೆ.ಜಿ. ಒಣ ಮೇವು ತಿನ್ನುವ ಲೆಕ್ಕದಲ್ಲಿ ನಾಲ್ಕೂವರೆ ಗ್ರಾಂ. ಒಂದು ಚಮಚ ಆರಿಸಿಕೊಂಡು, ಹತ್ತು ಸಲ ಅಂಚಿಗೆ ಸಮ ಮಾಡಿ ಅಳೆದು, ಆ ರಾಶಿಯನ್ನು ತೂಗಿ ಹತ್ತರಿಂದ ಭಾಗಿಸಿ. ನಿಮ್ಮ ಚಮಚದ ತೂಕ ಸಿಕ್ಕಿತು. ಬೆಳಿಗ್ಗೆ ಕಾಲು ಕೆ.ಜಿ. ತೌಡಿಗೆ ಅದನ್ನು ಬೆರೆಸಿ, ಮುಸುರೆ ಸುರಿಯುವ ಮೊದಲು, ಒಂದೊಂದಕ್ಕೂ ಬೇರೆ ಬೇರೆ ಕೊಡಿ. ಸೇರಿಸಿ ಇಟ್ಟರೆ ಜಗಳಗಂಟಿ ಹಂದಿಯೇ ಎಲ್ಲರ ಪಾಲು ತಿನ್ನುತ್ತದೆ.

ಉಪ್ಪು ಯಾವುದು

ಕೂದಲೇ ಇಲ್ಲದ, ಕುತ್ತಿಗೆ ಊದಿಕೊಂಡ, ಚರ್ಮ ದಪ್ಪಗಾಗಿ ಉಬ್ಬಿದ ಮರಿಗಳು ಸತ್ತೇ ಹುಟ್ಟಿದರೆ, ಅಥವಾ ಹುಟ್ಟಿ ಕೆಲವೇ ಗಂಟೆಯಲ್ಲಿ ಹೋದರೆ, ಅದರಲ್ಲೂ 114 ದಿನ ದಾಟಿ ಮೂರು ನಾಲ್ಕು ದಿನ ತಡವಾಗಿ ಹೆತ್ತಿದ್ದರೆ, ಮೊದಲ ಅನುಮಾನ ಅಯೋಡಿನ್ ಮೇಲೆ ಹೋಗಬೇಕು. ತಾಯಿ ನೋಡಲು ಗಟ್ಟಿಮುಟ್ಟಾಗಿಯೇ ಇರುತ್ತದೆ. ಮಲೆನಾಡಿನ ಮಳೆ ಮಣ್ಣಿನ ಅಯೋಡಿನ್ ತೊಳೆದೊಯ್ಯುತ್ತದೆ. ಮನುಷ್ಯರಲ್ಲೂ ಗಳಗಂಡ ಕಂಡುಬಂದ ಸೀಮೆ ಇದು.

ಪರಿಹಾರ ಅಗ್ಗ. ದನಕ್ಕೆಂದು ತರುವ ಕಲ್ಲುಪ್ಪಿನ ಬದಲು ಅಡುಗೆಮನೆಯ ಅಯೋಡಿನ್ ಉಪ್ಪನ್ನೇ ಹಂದಿಗೂ ಹಾಕಿ. ಅಂಗಡಿ ತಲುಪುವ ಉಪ್ಪಿನಲ್ಲಿ ಗ್ರಾಮಿಗೆ ಕನಿಷ್ಠ 15 ಮೈಕ್ರೋಗ್ರಾಂ ಅಯೋಡಿನ್ ಇರಬೇಕೆಂಬುದು ನಿಯಮ. ಕೆ.ಜಿ. ಮೇವಿಗೆ 5 ಗ್ರಾಂ ಉಪ್ಪು ಹಾಕಿದರೆ 75 ಮೈಕ್ರೋಗ್ರಾಂ ಆಯಿತು, ಬೇಕಾದದ್ದರ ಅರ್ಧಕ್ಕೂ ಸ್ವಲ್ಪ ಹೆಚ್ಚು. ಉಳಿದದ್ದು ಪ್ರೀಮಿಕ್ಸ್‌ನಿಂದ. ಎಲೆಕೋಸು ಅಗ್ಗವಾದ ವಾರದಲ್ಲಿ ಗಾಡಿಗಟ್ಟಲೆ ತಂದು ಸುರಿಯುವವರು ಗಬ್ಬದ ಹಂದಿಗಳನ್ನು ಅದರಿಂದ ದೂರ ಇಡಲಿ. ಮುಸುರೆಯಲ್ಲಿ ಆಗಲೇ ಉಪ್ಪಿರುವುದರಿಂದ ಅಲ್ಲಿ ಮತ್ತೆ ಉಪ್ಪು ಸುರಿಯುವ ಬದಲು ಪ್ರೀಮಿಕ್ಸ್ ಅಯೋಡಿನ್ ನೆಚ್ಚಿಕೊಳ್ಳಿ. ನೀರು ಸದಾ ಮುಂದಿರಲಿ. ಉಪ್ಪು ಹೆಚ್ಚಾಗಿ ನೀರು ನಿಂತ ದಿನವೇ ಹಂದಿ ತಲೆ ಒತ್ತಿಕೊಂಡು, ನಡುಗಿ ಸಾಯುವುದು.

ಜಿಂಕ್‌ಗೆ ಶತ್ರು ಸುಣ್ಣ

ಹಂದಿಗೆ ಕಾಲು ಗಟ್ಟಿಯಾಗಲಿ ಎಂದು ಸುಣ್ಣದಕಲ್ಲಿನ ಪುಡಿಯನ್ನು ಅಂದಾಜಿನಲ್ಲಿ ಸುರಿಯುವ ಅಭ್ಯಾಸವಿದೆ. ತೌಡಿನ ಫೈಟೇಟ್, ಹೆಚ್ಚಿನ ಕ್ಯಾಲ್ಸಿಯಂ, ಜಿಂಕ್ ಮೂರೂ ಸೇರಿ ಕರಗದ ಗಂಟಾಗುತ್ತದೆ. ಲೇಬಲ್ ಪ್ರಕಾರ ಜಿಂಕ್ ಹಾಕಿದ್ದರೂ ಹಂದಿಗೆ ಜಿಂಕ್ ಕೊರತೆ ಬರುವುದು ಹೀಗೆ. ಹೊಟ್ಟೆ, ಒಳತೊಡೆಯ ಮೇಲೆ ಕೆಂಪು ಚುಕ್ಕೆ, ಆಮೇಲೆ ಎರಡೂ ಪಕ್ಕ ಒಂದೇ ಸಮ ಒಣ ಹಕ್ಕಳೆ, ಬಿರುಕು. ಕಜ್ಜಿ ಎಂದು ತಿಳಿದು ಔಷಧ ಬಳಿಯುತ್ತಾರೆ. ಕಜ್ಜಿಯಾದರೆ ಹಂದಿ ಗೋಡೆಗೆ ಮೈ ಉಜ್ಜಿ ಉಜ್ಜಿ ನಿಲ್ಲುತ್ತದೆ, ಕಿವಿಯ ಒಳಗಿಂದ ಶುರುವಾಗುತ್ತದೆ. ಜಿಂಕ್ ಕೊರತೆಯಲ್ಲಿ ತುರಿಕೆ ಅಷ್ಟಿಲ್ಲ. ಸುಣ್ಣ ಅಳತೆಗೆ ತಂದು ಜಿಂಕ್ ಸರಿಪಡಿಸಿದರೆ ಎರಡು ಮೂರು ವಾರದಲ್ಲಿ ಹಕ್ಕಳೆ ಉದುರುತ್ತದೆ.

ಗಬ್ಬದ ಹಂದಿಯಲ್ಲಿ ಚರ್ಮಕ್ಕಿಂತ ದೊಡ್ಡ ನಷ್ಟ ಹೆರಿಗೆಯಲ್ಲಿ. ಜಿಂಕ್ ಕಡಿಮೆಯಾದರೆ ಹೆರಿಗೆ ಎಳೆಯುತ್ತದೆ, ಕೊನೆಯ ಮರಿಗಳು ಒಳಗೇ ಉಸಿರುಗಟ್ಟುತ್ತವೆ. ತೌಡು 30% ದಾಟಿದರೆ ಫೈಟೇಟ್ ಗಂಟು ಬಿಚ್ಚುವ ಫೈಟೇಸ್ ಕಿಣ್ವ ಸೇರಿಸುವುದು ಲಾಭದ ಮಾತು. ಕೆ.ಜಿ. ಮೇವಿಗೆ 500 ಯೂನಿಟ್.

ಮ್ಯಾಂಗನೀಸ್ ಬಗ್ಗೆ ಹೇಳಲು ಹೆಚ್ಚಿಲ್ಲ: ಕಡಿಮೆಯಾದರೆ ಬೆದೆ ಏರುಪೇರು, ಹಾಲು ಕಡಿಮೆ, ಮರಿ ಹುಟ್ಟಿದಾಗ ನಿಲ್ಲಲು ತೂರಾಡುತ್ತದೆ.

ತಾಮ್ರ: ಬೋರ್ಡೋ ಡ್ರಮ್ಮಿನ ಪಕ್ಕದಲ್ಲಿ

ಗಬ್ಬದ ಹಂದಿಗೆ ದಿನಕ್ಕೆ ಬೇಕಾದ ತಾಮ್ರ ಸುಮಾರು 22 ಮಿ.ಗ್ರಾಂ. 1% ಬೋರ್ಡೋ ದ್ರಾವಣದ ಒಂದು ಲೀಟರಿನಲ್ಲಿ 10 ಗ್ರಾಂ ಮೈಲುತುತ್ತ, ಅಂದರೆ 2500 ಮಿ.ಗ್ರಾಂ. ತಾಮ್ರ. ನೂರು ದಿನಕ್ಕೂ ಮೀರಿದ ಪಾಲು ಒಂದು ಲೀಟರಿನಲ್ಲಿ! ಸಿಂಪಡಣೆ ಮುಗಿದ ಮೇಲೆ ಡ್ರಮ್ ಗಲಬರಿಸಿ ಅದರಲ್ಲೇ ಮುಸುರೆ ತುಂಬಿಸುವುದನ್ನು ನಿಲ್ಲಿಸಿ. ಅಡಿಕೆ ತೋಟದಲ್ಲಿ ಔಷಧಿ ಹೊಡೆದ ವಾರ ಹಂದಿಯನ್ನು ಅಲ್ಲಿ ಬಿಡಬೇಡಿ. ಹೆಚ್ಚಾದ ತಾಮ್ರ ಪಿತ್ತಜನಕಾಂಗದಲ್ಲಿ ಕೂಡುತ್ತಾ ಹೋಗಿ ಕಾಮಾಲೆಯಾಗಿ ಹೊರಬರುತ್ತದೆ.

ಇನ್ನೊಂದು ಮಾತು, ಹಂದಿಯ ಜೊತೆ ಕುರಿಯನ್ನೂ ಸಾಕುವ ಕಡೂರು, ಅರಸೀಕೆರೆ ಕಡೆಯವರಿಗೆ. ಬೆಳೆಯುವ ಹಂದಿಗಳ ಕಂಪನಿ ಮೇವಿನಲ್ಲಿ ತೂಕ ಬರಲೆಂದು ಕೆ.ಜಿ.ಗೆ 150ರಿಂದ 250 ಮಿ.ಗ್ರಾಂ. ತಾಮ್ರ ಹಾಕಿರುವುದುಂಟು. ಹಂದಿ ತಡೆದುಕೊಳ್ಳುತ್ತದೆ. ಕುರಿಗೆ 25 ದಾಟಿದರೇ ಅಪಾಯ. ಹಂದಿ ಮೇವಿನ ಉಳಿಕೆಯನ್ನು ಕುರಿಗೆ ಹಾಕಿದರೆ ಕೆಲವು ವಾರ ಏನೂ ಕಾಣದೆ, ಒಂದು ದಿನ ಕಪ್ಪು ಮೂತ್ರ ಹೊಯ್ದು ಕುರಿ ಬೀಳುತ್ತದೆ.

114 ದಿನದ ಲೆಕ್ಕ

ಕ್ರಾಸ್ ಮಾಡಿಸುವ ಮೊದಲೇ ಪ್ರೀಮಿಕ್ಸ್ ನಡೆಯುತ್ತಿರಬೇಕು. ಗಬ್ಬ ನಿಂತ ಮೇಲೆ ಶುರು ಮಾಡುವುದಲ್ಲ. 84ನೇ ದಿನದವರೆಗೆ 2ರಿಂದ 2.2 ಕೆ.ಜಿ. ಮೇವು. ಮರಿಗಳು ಖನಿಜ ಎಳೆದುಕೊಳ್ಳುವ ಭರಾಟೆ ಕೊನೆಯ ಒಂದು ತಿಂಗಳಲ್ಲಿ, ಆಗ ಮೇವು 2.5ರಿಂದ 3 ಕೆ.ಜಿ.ಗೆ ಏರಲಿ, ಖನಿಜವೂ ಜೊತೆಗೆ ಏರುತ್ತದೆ. ಮುಸುರೆಯವರು ಚಮಚವನ್ನು ನೆನಪಿಟ್ಟು ಒಂದೂಕಾಲು ಪಾಲು ಮಾಡಬೇಕು. ಮೂರು ಹೆರಿಗೆ ದಾಟಿದ ತಾಯಿಯ ಮೂಳೆ, ಪಿತ್ತಜನಕಾಂಗದ ದಾಸ್ತಾನು ಪ್ರತಿ ಸೂಲಿಗೂ ಕರಗಿರುತ್ತದೆ. ಹೊಸ ಹಂದಿಗಿಂತ ಹಳೆಯದಕ್ಕೇ ಈ ತಿಂಗಳು ಹೆಚ್ಚು ನಿಗಾ.

ಮೇವಿನಲ್ಲಿ ಸೆಲೆನಿಯಂ ಇಲ್ಲದವರು ಹೆರಿಗೆಗೆ ಎರಡು ಮೂರು ವಾರ ಮುಂಚೆ ವಿಟಮಿನ್ ಇ ಮತ್ತು ಸೆಲೆನಿಯಂ ಇಂಜೆಕ್ಷನ್ ಅನ್ನು ಪಶುವೈದ್ಯರಿಂದ ಹಾಕಿಸಿ. ಮೇವಿನಲ್ಲೂ ಇದ್ದು ಸೂಜಿಯೂ ಬಿದ್ದರೆ ಹೆಚ್ಚಾದೀತು, ಲೇಬಲ್ ತೋರಿಸಿ ಕೇಳಿ. ಸೆಲೆನಿಯಂ, ವಿಟಮಿನ್ ಇ ಎರಡೂ ಜೊತೆಯಾಗಿ ಕೆಲಸ ಮಾಡುವಂಥವು. ಹಳೆಯ, ಕಮಟು ಹಿಡಿದ ತೌಡು ವಿಟಮಿನ್ ಇ ತಿಂದುಹಾಕುತ್ತದೆ.

ಕೊನೆಯ ಎರಡು ಮೂರು ದಿನ ಮಲಬದ್ಧತೆಗೆಂದು ಮೇವು ಇಳಿಸಿ ಗೋಧಿ ಬೂಸಾ ಕೊಡುವಾಗ ಖನಿಜದ ಚಮಚ ನಿಲ್ಲಿಸಬೇಡಿ. ಹೆತ್ತ ಮೇಲೆ 2 ಕೆ.ಜಿ. ತಾಯಿಗೆ, ಮರಿಗೆ ಅರ್ಧ ಕೆ.ಜಿ.ಯಂತೆ, ಹತ್ತು ಮರಿಗೆ 7 ಕೆ.ಜಿ.ವರೆಗೆ ನಿಧಾನಕ್ಕೆ ಏರಿಸಿ.

ಮರಿಗೆ ಕಬ್ಬಿಣ

ಮರಿ ಹುಟ್ಟುವಾಗ ಮೈಯಲ್ಲಿ ಸುಮಾರು 50 ಮಿ.ಗ್ರಾಂ. ಕಬ್ಬಿಣ ಹೊತ್ತು ಬರುತ್ತದೆ. ದಿನಕ್ಕೆ ಬೇಕು 7ರಿಂದ 10. ಹಾಲು ಕೊಡುವುದು 1 ಮಿ.ಗ್ರಾಂ. ವಾರದೊಳಗೆ ಗಂಟು ಖಾಲಿ, ಅಷ್ಟರಲ್ಲಿ ಮರಿಯ ತೂಕ ಎರಡು ಪಟ್ಟು. ಸಿಮೆಂಟ್ ನೆಲದ ಶೆಡ್ಡಿನಲ್ಲಿ ಇಂಜೆಕ್ಷನ್ ಬಿಟ್ಟು ದಾರಿಯಿಲ್ಲ.

ಕೆಂಪು ಮಣ್ಣು ಹಾಕಿದರೆ ಸಾಲದೇ ಎಂಬ ಪ್ರಶ್ನೆ ಬರುತ್ತದೆ. ಬಯಲಲ್ಲಿ ಮೂತಿಯಿಂದ ಮಣ್ಣು ಕೆದಕುವ ಮರಿಗೆ ರಕ್ತಹೀನತೆ ಅಪರೂಪ, ನಿಜ. ಆದರೆ ನಮ್ಮ ಜಂಬಿಟ್ಟಿಗೆ ಮಣ್ಣಿನ ಕೆಂಪು ಬಹುಪಾಲು ಆಕ್ಸೈಡ್, ಮೈಗೆ ಹತ್ತುವುದು ಕಡಿಮೆ. ಹಂದಿ ಓಡಾಡಿದ ಜಾಗದ ಮಣ್ಣಾದರೆ ಜಂತುಹುಳುವಿನ ಮೊಟ್ಟೆ ಉಚಿತ. ಹಾಕುವುದಿದ್ದರೆ ಹಂದಿ ತುಳಿಯದ ಕಡೆಯಿಂದ ತಂದು, ಬಾಣಲೆಯಲ್ಲಿ ಹುರಿದು, ಒಂದು ಬೊಗಸೆ ಮೂಲೆಯಲ್ಲಿಡಿ. ಸೂಜಿಯ ಜೊತೆಗೆ, ಸೂಜಿಯ ಬದಲಿಗಲ್ಲ.

ದಿನ: ಮೂರನೆಯದು. ಎರಡರಿಂದ ನಾಲ್ಕರೊಳಗೆ ನಡೆಯುತ್ತದೆ. ಹುಟ್ಟಿದ ದಿನವೇ ಬೇಡ, ಗಿಣ್ಣುಹಾಲು ಹೊಟ್ಟೆ ಸೇರಿ ಮರಿ ಸುಧಾರಿಸಲಿ. ಭೇದಿ ಹಿಡಿದ, ಮಲಗೇ ಇರುವ ಮರಿಗೆ ಮುಂದೂಡಿ.

ಪ್ರಮಾಣ: 200 ಮಿ.ಗ್ರಾಂ. ಕಬ್ಬಿಣ, ಐರನ್ ಡೆಕ್ಸ್ಟ್ರಾನ್ ರೂಪದಲ್ಲಿ. ಎಡವುವುದು ಇಲ್ಲೇ. ಬಾಟಲಿಗಳು ಸಾಮಾನ್ಯವಾಗಿ ಎರಡು ಬಗೆ ಬರುತ್ತವೆ, ಮಿ.ಲೀ.ಗೆ 50 ಮಿ.ಗ್ರಾಂ. ಮತ್ತು 100 ಮಿ.ಗ್ರಾಂ. ಎಲ್ಲಕ್ಕೂ 2 ಮಿ.ಲೀ. ಎಂದು ಬಾಯಿಪಾಠ ಮಾಡಿಕೊಂಡವರ ಮರಿಗೆ 50ರ ಬಾಟಲಿಯಿಂದ ಅರ್ಧ ಡೋಸ್ ಮಾತ್ರ ಹೋಗುತ್ತದೆ. ಎರಡನೇ ವಾರ ಮರಿ ಬಿಳುಚುತ್ತದೆ, ಔಷಧಿಯೇ ನಕಲಿ ಎಂದು ಬೈಗುಳ. 50ರ ಬಾಟಲಿಯಾದರೆ 4 ಮಿ.ಲೀ. ಬೇಕು, ಕುತ್ತಿಗೆಯ ಎರಡೂ ಬದಿಗೆ 2ರಂತೆ. ಅಥವಾ ನಾಲ್ಕನೇ ದಿನ 100, ಹದಿನಾಲ್ಕನೇ ದಿನ 100 ಮಿ.ಗ್ರಾಂ. ಒಂದೇ ಜಾಗಕ್ಕೆ 2 ಮಿ.ಲೀ. ಮೀರಬಾರದು.

ಚುಚ್ಚುವ ಬಗೆ: ಸೂಜಿ 18ರಿಂದ 20 ಗೇಜ್, ಉದ್ದ ಅರ್ಧದಿಂದ ಮುಕ್ಕಾಲು ಇಂಚಿನೊಳಗೆ. ಬಾಟಲಿಗೆ ಒಂದು ಸೂಜಿ ಸಿಕ್ಕಿಸಿ ಅದನ್ನು ಅಲ್ಲೇ ಬಿಡಿ, ಮರಿಗೆ ಬೇರೆ ಸೂಜಿ, ಪ್ರತಿ ತಾಯಿಯ ಮರಿಗಳಿಗೂ ಹೊಸದು. ಒಬ್ಬರು ಮರಿಯನ್ನು ಎದೆಗೊತ್ತಿ ಹಿಡಿಯಲಿ. ಕಿವಿಯ ಹಿಂದೆ ಕುತ್ತಿಗೆಯ ಮಾಂಸಲ ಜಾಗವನ್ನು ಸ್ಪಿರಿಟ್‌ನಿಂದ ಒರೆಸಿ. ಎಡ ಹೆಬ್ಬೆರಳಿನಿಂದ ಚರ್ಮವನ್ನು ಒಂದು ಪಕ್ಕಕ್ಕೆ ಎಳೆದು ಹಿಡಿದು ಚುಚ್ಚಿ, ನಿಧಾನಕ್ಕೆ ಒತ್ತಿ, ಎರಡು ಎಣಿಸಿ, ಸೂಜಿ ತೆಗೆದು ಚರ್ಮ ಬಿಡಿ. ಚರ್ಮ ಜಾರಿ ತೂತು ಮುಚ್ಚಿಕೊಳ್ಳುತ್ತದೆ. ಹಾಗೆ ಎಳೆಯದೆ ಚುಚ್ಚಿದರೆ ಕಂದು ನೀರು ಕುತ್ತಿಗೆಯಿಂದ ಒಸರುವುದು ಕಾಣುತ್ತದೆ. ಒಸರಿದ್ದೆಲ್ಲ ಮರಿಗೆ ಸೇರದ ಕಬ್ಬಿಣ. ತೊಡೆಗೆ ಹಾಕಬೇಡಿ: ನರಕ್ಕೆ ತಗುಲಿದರೆ ಕಾಲು ಎಳೆಯುತ್ತದೆ, ಮಾಂಸಕ್ಕೆ ಕಲೆ ಉಳಿಯುತ್ತದೆ. ಹಾಕಿದ ಮರಿಯ ಬೆನ್ನಿಗೆ ಬಣ್ಣದ ಗುರುತು ಹಾಕಿ, ಇಲ್ಲವಾದರೆ ಒಂದಕ್ಕೆ ಎರಡು ಸಲ, ಇನ್ನೊಂದಕ್ಕೆ ಇಲ್ಲ.

ಸೂಜಿ ಹಾಕಿದ ಕೆಲವು ಗಂಟೆಯಲ್ಲಿ ಒಂದಕ್ಕಿಂತ ಹೆಚ್ಚು ಮರಿ ಕುಸಿದರೆ ಉಳಿದವಕ್ಕೆ ಹಾಕುವುದನ್ನು ಅಲ್ಲಿಗೇ ನಿಲ್ಲಿಸಿ ವೈದ್ಯರಿಗೆ ಹೇಳಿ. ತಾಯಿಗೆ ಸೆಲೆನಿಯಂ, ವಿಟಮಿನ್ ಇ ಕಡಿಮೆ ಇದ್ದ ಹಿಂಡಿನಲ್ಲಿ ಕಬ್ಬಿಣವೇ ವಿಷವಾಗುತ್ತದೆ.

200 ಮಿ.ಗ್ರಾಂ. ಮೂರು ವಾರದ ಹೊತ್ತಿಗೆ ಮುಗಿಯುತ್ತಾ ಬರುತ್ತದೆ. 28 ದಿನಕ್ಕೆ ಹಾಲು ಬಿಡಿಸುವವರಿಗೆ ಅಷ್ಟು ಸಾಕು. ನಮ್ಮಲ್ಲಿ ಆರೇಳು ವಾರ ತಾಯಿ ಜೊತೆ ಬಿಡುವವರೇ ಹೆಚ್ಚು, ಅವರು 14ರಿಂದ 21ನೇ ದಿನದೊಳಗೆ ಇನ್ನೊಂದು ಡೋಸ್ ಹಾಕಿ, 10ನೇ ದಿನದಿಂದ ಮರಿ ಮೇವು ಇಡಿ. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 11 ಗ್ರಾಂ ಮೇಲಿರಬೇಕು, 8ಕ್ಕಿಂತ ಕೆಳಗೆ ರಕ್ತಹೀನತೆ. ಸೂಜಿ ಸಿಗದ ಕಡೆ ಹಳೆಯ ಉಪಾಯ ಒಂದಿದೆ: 10 ಲೀಟರ್ ನೀರಿಗೆ ಅರ್ಧ ಕೆ.ಜಿ. ಫೆರಸ್ ಸಲ್ಫೇಟ್ ಕರಗಿಸಿ ದಿನಾ ತಾಯಿಯ ಕೆಚ್ಚಲಿಗೆ ಬಳಿಯುವುದು. ಒಂದು ದಿನ ಮರೆತರೆ ಆ ದಿನದ್ದು ಹೋಯಿತು, ದುರ್ಬಲ ಮರಿಗೆ ಸಿಗುವುದೂ ಕಡಿಮೆ. ಬೇರೇನೂ ಇಲ್ಲದಾಗ ಇದು.

ಹಾಲು ಬಿಡಿಸಿದ ಮೇಲೆ ಭೇದಿಗೆಂದು ಜಿಂಕ್ ಆಕ್ಸೈಡ್ ಅನ್ನು ಕೆ.ಜಿ.ಗೆ 2500 ಮಿ.ಗ್ರಾಂ. ಜಿಂಕ್ ಬರುವಷ್ಟು ಹಾಕುವುದುಂಟು. ಎರಡು ವಾರ ಮೀರಬೇಡಿ. ಮುಂದುವರಿಸಿದರೆ ತಾಮ್ರವನ್ನು ಹೊರದೂಡಿ ಮತ್ತೆ ರಕ್ತಹೀನತೆ ತರುತ್ತದೆ, ಗೊಬ್ಬರದ ಮೂಲಕ ತೋಟದ ಮಣ್ಣಿಗೂ ಸೇರುತ್ತದೆ. ಯುರೋಪಿನ ಒಕ್ಕೂಟ 2022ರ ಜೂನ್‌ನಲ್ಲಿ ಇದನ್ನು ನಿಲ್ಲಿಸಿದೆ. ಶೆಡ್ ಒಣಗಿದ್ದು ಬೆಚ್ಚಗಿದ್ದರೆ ಬಹಳ ಸಲ ಇದರ ಅಗತ್ಯವೇ ಬೀಳುವುದಿಲ್ಲ.

ಖನಿಜವಲ್ಲದ್ದು

ಕಂದು ಹಾಕಿದ್ದಕ್ಕೆಲ್ಲ (ಗರ್ಭಪಾತ), ಸತ್ತು ಹುಟ್ಟಿದ್ದಕ್ಕೆಲ್ಲ ಖನಿಜ ಕಾರಣವಲ್ಲ. ಮಳೆಗಾಲದಲ್ಲಿ ಬೂಸಲು ಹಿಡಿದ ಜೋಳ, ಪಾರ್ವೋ ವೈರಸ್, ಇಲಿ ಮೂತ್ರದಿಂದ ಬರುವ ಲೆಪ್ಟೋಸ್ಪೈರಾ, ಬ್ರುಸೆಲ್ಲಾ ಎಂಬ ರೋಗಾಣುಗಳು ಕೂಡ ಇದೇ ವೇಷದಲ್ಲಿ ಬರುತ್ತವೆ. ಚೆನ್ನಾಗಿ ಬೆಳೆದ ಮರಿ ರಾತ್ರಿ ಉಂಡು ಬೆಳಿಗ್ಗೆ ಸತ್ತು ಬಿದ್ದಿದ್ದರೆ ಹೃದಯ, ಪಿತ್ತಜನಕಾಂಗ ತೆರೆದು ನೋಡದೆ ಸೆಲೆನಿಯಂ ಕೊರತೆ ಹೌದೋ ಅಲ್ಲವೋ ಹೇಳಲಾಗದು. ಕಂದು ಹಾಕಿದ ಮರಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಬ್ರುಸೆಲ್ಲಾ ಮನುಷ್ಯರಿಗೂ ಅಂಟುತ್ತದೆ. ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಸುತ್ತ ಐಸ್ ಇಟ್ಟು (ಫ್ರೀಜರ್‌ನಲ್ಲಿ ಗಟ್ಟಿ ಮಾಡದೆ) ಅದೇ ದಿನ ತಾಲ್ಲೂಕು ಪಶು ಆಸ್ಪತ್ರೆಗೆ ಒಯ್ಯಿರಿ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ಮೇವಿನ ವಿಷಯ ಕೇಳಲು ಕಂದಲಿಯ ಮತ್ತು ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರಗಳಿವೆ. ಹೋಗುವಾಗ ಪ್ರೀಮಿಕ್ಸ್ ಚೀಲದ ಲೇಬಲ್, ಕಬ್ಬಿಣದ ಬಾಟಲಿ, ಕ್ರಾಸ್ ಮಾಡಿಸಿದ ತಾರೀಖು, ಮತ್ತೆ ದಿನಾ ಖನಿಜ ಅಳೆಯುವ ಆ ಚಮಚ ಜೊತೆಗಿರಲಿ.